ಕ್ಯಾಪ್ಟನ್ ಅತ್ತೆಯ ಉಗ್ರಾಣ

‘ತಾರಾದಂಡು’ ಎಂಬ ವಿಡಿಯೊ ಗೇಮನ್ನು ಮಾಡುವ ಕಂಪನಿಯವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಮೊದಲು ಹೋಗಿ ಅವರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಹಾಕುತ್ತಿದ್ದೆ. ಆಮೇಲೆ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತು, ಮುಂದೆ ಬರುವ ಒಂಬತ್ತನೇ ಭಾಗವನ್ನು ಹೇಗೆ ಸುಧಾರಿಸಬೇಕು ಎಂದು ಸವಿಸ್ತಾರವಾಗಿ ಹೇಳಿ ಬರುತ್ತಿದ್ದೆ. (ನನ್ನನ್ನು ಯಾರೂ ಕೇಳಿಲ್ಲ, ನಿಜ. ಕೇಳದೇ ಸಲಹೆ ಕೊಡುವ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದ ಮೇಲೆ ನನಗೂ ಅಷ್ಟು ಅಂಟದಿದ್ದರೆ ಹೇಗೆ?)

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟಿವಿಗೆ ಒಂದು ಕಪ್ಪು ಡಬ್ಬಿ ಸಿಕ್ಕಿಸಿ, ಗುಂಡಿಗಳಿರುವ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದು, ಸೋಫಾದ ಮೇಲೆ ಕೂತಲ್ಲೇ ಬ್ರಹ್ಮಾಂಡ ಸುತ್ತುವ ಆಟ ಇದು. ನೀವೊಂದು ಆಕಾಶಹಡಗಿನ ಕ್ಯಾಪ್ಟನ್. ಗ್ರಹದಿಂದ ಗ್ರಹಕ್ಕೆ ಹೋಗಬೇಕು, ಸಾಮಾನು ಸಾಗಿಸಬೇಕು, ದಾರಿಯಲ್ಲಿ ಅಡ್ಡ ಬರುವ ಹಸಿರು ತಲೆಯವರನ್ನು ಸುಡಬೇಕು. ನಮ್ಮ ಮದುವೆಯಾದ ವರ್ಷ ಇದರ ಎರಡನೇ ಭಾಗ ಬಂದಿತ್ತು. ಹೊಸ ಹೆಂಡತಿಯೂ ಹೊಸ ಭಾಗವೂ ಒಂದೇ ತಿಂಗಳಲ್ಲಿ ಮನೆಗೆ ಬಂದರೆ ಗಂಡಸಿನ ಕಣ್ಣು ಯಾವ ಕಡೆ ಇರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರು ಲಿಫ್ಟ್ ರಿಪೇರಿ ಕೆಲಸದವರು. ಹಾಗಾಗಿ ತಾರಾದಂಡಿನ ಬಗ್ಗೆ ಅವರಿಗಿರುವ ತಕರಾರೆಲ್ಲ ಆ ಹಡಗಿನ ಲಿಫ್ಟಿನ ಮೇಲೆ.

“ನೋಡೇ, ನೋಡು! ಬಾಗಿಲು ಪೂರ್ತಿ ಮುಚ್ಚೋಕ್ಕೆ ಮುಂಚೇನೇ ಹೊರಟುಬಿಡ್ತು. ಎಂಟು ಭಾಗ ಮಾಡಿದಾರೆ, ಒಬ್ಬನ ಕಣ್ಣಿಗೂ ಇದು ಬಿದ್ದಿಲ್ಲ.”

“ಹಡಗಿಗೆ ಬೆಂಕಿ ಬಿದ್ದಿದೆಯಲ್ರೀ, ಅದನ್ನ ನೋಡಿ ಮೊದಲು.”

“ಬೆಂಕಿ ಆರಿಸಬಹುದು. ಲಿಫ್ಟಿನ ಬಾಗಿಲಿಗೆ ಯಾರದಾದ್ರೂ ಬೆರಳು ಸಿಕ್ಕಿಹಾಕ್ಕೊಂಡ್ರೆ?”

ಆ ಕಾಲದಲ್ಲಿ ಈ ಆಟವನ್ನು ಸುಧಾರಿಸುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಸಲಹೆ. ಮುಂದಿನ ಭಾಗ ಬರಲೇಬಾರದು.

ಹೀಗಿರುವಾಗ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಪಟ್ಟಿ ಬಿಚ್ಚಿದರು, ಬೆರಳುಗಳು ಮಾತ್ರ ಕೊರಡಿನಂತೆ ಬಿಗಿದುಕೊಂಡು ಕೂತವು. ವ್ಯಾಯಾಮ ಮಾಡಿಸುವುದಕ್ಕೆ ಒಬ್ಬ ಫಿಸಿಯೋ ಹುಡುಗಿ ಮನೆಗೇ ಬರತೊಡಗಿದಳು. ನೋಡಲು ಗುಬ್ಬಿ ಹಾಗಿದ್ದಾಳೆ, ಮಾತು ಮಾತ್ರ ಹೆಡ್‌ಮಾಸ್ತರರದು.

“ಅಜ್ಜಿ, ದಿನಾ ಬೆರಳು ಆಡಿಸದೇ ಇದ್ರೆ ಈ ಕೈ ಹೀಗೇ ಉಳಿದುಬಿಡುತ್ತೆ. ಆಮೇಲೆ ನನ್ನನ್ನ ಕೇಳಬೇಡಿ,” ಎಂದು ಹೇಳಿ ಹಿಸುಕುವುದಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟಳು.

“ಚೆಂಡು ಹಿಡ್ಕೊಂಡು ಕೂರೋಕೆ ನನಗೇನು ಹಲ್ಲು ಬರ್ತಿದೆಯಾ?” ಎಂದರು ಅತ್ತೆ. ಚೆಂಡು ಕಪಾಟಿನ ಮೇಲಕ್ಕೆ ಹೋಯಿತು.

ಅತ್ತೆ ಅಂಥಿಂಥ ಹೆಂಗಸಲ್ಲ. ದೊಡ್ಡ ಆಸ್ಪತ್ರೆಯ ಔಷಧಿ ಉಗ್ರಾಣವನ್ನು ನಿವೃತ್ತಿಯವರೆಗೂ ಆಳಿದವರು. ಡಾಕ್ಟರುಗಳೂ ಅವರ ಕಿಟಕಿಯ ಮುಂದೆ ನಿಂತು ದನಿ ತಗ್ಗಿಸಿ ಕೇಳುತ್ತಿದ್ದರಂತೆ. ಅಂಥವರು ಎಡಗೈಯಲ್ಲಿ ಚಮಚ ಹಿಡಿದು, ಅನ್ನವನ್ನು ಮಡಿಲ ಮೇಲೆ ಚೆಲ್ಲಿಕೊಂಡು, ಯಾರಾದರೂ ನೋಡಿದರಾ ಎಂದು ಸುತ್ತ ಕಣ್ಣಾಡಿಸಿ, “ನನಗೆ ಹಸಿವಿಲ್ಲ” ಎಂದು ತಟ್ಟೆ ಸರಿಸಿಬಿಡುತ್ತಿದ್ದರು. ನನಗೂ ಅವರಿಗೂ ಅಡುಗೆಮನೆಯಲ್ಲಿ ಎಂದೂ ಹೊಂದಿಕೆಯಾದದ್ದಿಲ್ಲ, ಆದರೂ ಅದನ್ನು ನೋಡಿದ ದಿನ ನಾನೂ ತಟ್ಟೆ ಸರಿಸಿ ಎದ್ದೆ.

ಆಗ ನಮ್ಮವರಿಗೆ ಜ್ಞಾನೋದಯವಾಯಿತು. ಚೆಂಡಿನ ಬದಲು ಕಂಟ್ರೋಲರನ್ನೇ ತಂದು ತಾಯಿಯ ಕೈಗಿಟ್ಟರು. ನಾನು ಹಣೆ ಚಚ್ಚಿಕೊಂಡೆ.

ಅತ್ತೆಯ ಮೊದಲ ದಿನದ ಬಾಹ್ಯಾಕಾಶ ಯಾನ ಹೀಗಿತ್ತು. ಹಸಿರು ತಲೆಯವನು ಎದುರು ಬಂದ.

“ಸುಡಮ್ಮಾ! ಆ ಕೆಂಪು ಗುಂಡಿ ಒತ್ತು!”

“ಯಾಕೆ ಬಂದ, ಏನು ಬೇಕಂತೆ, ಒಂದು ಮಾತು ಕೇಳೋದು ಬೇಡ್ವಾ?”

“ಕೇಳೋಕೆ ಗುಂಡಿ ಇಲ್ಲಮ್ಮಾ.”

“ಎಂಟು ಭಾಗ ಮಾಡಿದಾರಂತೆ, ಕೇಳೋಕೆ ಒಂದು ಗುಂಡಿ ಇಟ್ಟಿಲ್ಲ!” ಎಂದು ಅತ್ತೆ ಕಂಪನಿಯವರಿಗೆ ಅಲ್ಲಿಂದಲೇ ಛೀಮಾರಿ ಹಾಕಿದರು. ಅಷ್ಟರಲ್ಲಿ ಹಡಗು ಸುಟ್ಟು ಬೂದಿಯಾಯಿತು. ಮಾರನೆಯ ದಿನ ಯುದ್ಧದ ಸುದ್ದಿಗೇ ಹೋಗದೆ, ದಾರಿ ತಪ್ಪಿ, ಹಡಗಿನ ಹೊಟ್ಟೆಯೊಳಗಿದ್ದ ಉಗ್ರಾಣಕ್ಕೆ ಬಂದರು. ಅಲ್ಲಿ ಪೆಟ್ಟಿಗೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು.

ಅಂದಿನಿಂದ ಬ್ರಹ್ಮಾಂಡದಲ್ಲಿ ಏನೇ ಆಗಲಿ, ಅತ್ತೆ ಉಗ್ರಾಣ ಬಿಟ್ಟು ಹೊರಗೆ ಬಂದವರಲ್ಲ. ಬಂದರೂ ಹತ್ತಿರದ ಗ್ರಹಕ್ಕೆ ಹೋಗಿ ಪೆಟ್ಟಿಗೆ ತರುವುದಕ್ಕೆ ಅಷ್ಟೆ. ಹಳೆಯ ಸರಕು ಮುಂದೆ, ಹೊಸದು ಹಿಂದೆ, ಇದು ಔಷಧಿ ಉಗ್ರಾಣದ ಕಾನೂನು. ಹಳೆಯದು ಅವಧಿ ಮುಗಿಯುವ ಮೊದಲು ಖರ್ಚಾಗಬೇಕಲ್ಲ. ಒಂದೊಂದು ಪೆಟ್ಟಿಗೆ ಎತ್ತುವುದಕ್ಕೂ ತೋರುಬೆರಳಲ್ಲಿ ಒಂದು ಗುಂಡಿ ಅದುಮಿ, ಹೆಬ್ಬೆರಳಲ್ಲಿ ಇನ್ನೊಂದನ್ನು ತಿರುಗಿಸಿ, ಉಳಿದ ಬೆರಳುಗಳಲ್ಲಿ ಕಂಟ್ರೋಲರನ್ನು ಗಟ್ಟಿಯಾಗಿ ಹಿಡಿದಿರಬೇಕು. ಮೊದಮೊದಲು ಅತ್ತೆ ತುಟಿ ಕಚ್ಚಿಕೊಂಡು ಮಾಡುತ್ತಿದ್ದರು. ಹೆಬ್ಬೆರಳು ಮೆಲ್ಲಗೆ ಬಗ್ಗತೊಡಗಿತು. ಒಂದು ಬೆಳಿಗ್ಗೆ ಚಹಾದ ಲೋಟವನ್ನು ಬಲಗೈಯಲ್ಲಿ ಎತ್ತಿದರು! ಅದು ಅವರ ಗಮನಕ್ಕೇ ಬಂದಿರಲಿಲ್ಲ. ಪೆಟ್ಟಿಗೆಗಳ ಮೇಲೆ ತಾರೀಖು ಬರೆಯದ ಕಂಪನಿಯವರನ್ನು ಬೈಯುವುದರಲ್ಲಿ ಮುಳುಗಿದ್ದರು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಇಲ್ಲಿ ಅಡುಗೆಮನೆಯ ವ್ಯಾಜ್ಯವನ್ನೂ ಹೇಳಿಬಿಡಬೇಕು. ನಾನು ಬೆಳಗಿನ ಹೊತ್ತು ಒಂದು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯಲ್ಲಿ ಹೊಸ ಮಾಲು ಮುಂದೆ, ಹಳೆಯದು ಹಿಂದೆ. ಗಿರಾಕಿಯ ಕಣ್ಣಿಗೆ ಮೊದಲು ಹೊಸದು ಬೀಳಬೇಕು. ಮನೆಯ ಕಪಾಟಿನಲ್ಲೂ ನನ್ನ ಕೈ ಹೊಸ ಸಕ್ಕರೆ ಪೊಟ್ಟಣವನ್ನು ತಾನಾಗಿ ಮುಂದೆ ಇಡುತ್ತದೆ. ಸಂಜೆ ನೋಡಿದರೆ ಅದು ಹಿಂದಕ್ಕೆ ಹೋಗಿರುತ್ತದೆ. ನಾನು ಮತ್ತೆ ಮುಂದೆ ತರುತ್ತೇನೆ. ಹೀಗೆ ನಮ್ಮ ಮನೆಯ ಸಕ್ಕರೆ, ಡಬ್ಬಿ ಸೇರುವುದಕ್ಕೆ ಮೊದಲು, ಸಾಕಷ್ಟು ಪ್ರವಾಸ ಮಾಡಿರುತ್ತದೆ.

ಅತ್ತೆ ಕೆಲವು ದಿನ ಮಗಳ ಮನೆಗೆ, ಅಂದರೆ ನನ್ನ ನಾದಿನಿಯ ಮನೆಗೆ ಹೊರಟರು. “ನನ್ನ ಹಡಗನ್ನ ಯಾರೂ ಮುಟ್ಟಬೇಡಿ” ಎಂದು ಆಜ್ಞೆ ಹೊರಡಿಸಿಯೇ ಹೋದರು. ನಾನು ಮುಟ್ಟಲಿಲ್ಲ. ಧೂಳು ಒರೆಸಿದೆ, ಅಷ್ಟೆ. ಬಟ್ಟೆ ಎಲ್ಲಿಗೆ ತಾಗಿತೋ, ಕಪ್ಪು ಡಬ್ಬಿ ಎದ್ದು ಕೂತು ಟಿವಿಯ ಮೇಲೆ ಒಂದು ಪ್ರಶ್ನೆ ಕೇಳಿತು: ಜಾಗ ಸಾಲುತ್ತಿಲ್ಲ, ಹಳೆಯದನ್ನು ತೆಗೆದುಹಾಕಲೇ?

ಓದುಗರೇ, ಹರಿದ ಚೀಲ, ಮುಚ್ಚಳವಿಲ್ಲದ ಡಬ್ಬಿ, ಕಾಲಿಲ್ಲದ ಸ್ಟೂಲು ಯಾವುದನ್ನೂ ಎಸೆಯಲು ಬಿಡದ ಮನೆ ಇದು. ಈ ಪ್ರಶ್ನೆಯನ್ನು ಯಾರಾದರೂ ನನ್ನನ್ನು ಕೇಳಲಿ ಎಂದು ಮದುವೆಯಾದಾಗಿನಿಂದ ಕಾದಿದ್ದೆ. ‘ಹೌದು’ ಒತ್ತಿದೆ. ‘ಖಂಡಿತವೇ?’ ಎಂದು ಮತ್ತೆ ಕೇಳಿತು. ನನ್ನ ಜನ್ಮದಲ್ಲಿ ಯಾವ ವಿಷಯದಲ್ಲೂ ನಾನು ಅಷ್ಟು ಖಂಡಿತವಾಗಿ ಇದ್ದದ್ದಿಲ್ಲ.

ಸಂಜೆ ನಮ್ಮವರು ಬಂದು ಆಟ ಹಚ್ಚಿದವರು ಹಾಗೇ ಸೋಫಾದ ಮೇಲೆ ಕುಸಿದರು.

“ಲೇ, ಅಮ್ಮನ ಹಡಗೆಲ್ಲೇ?”

ನಾನು ಒತ್ತಿದ ‘ಹೌದು’ ಅತ್ತೆಯ ಹಡಗನ್ನೇ ಅಳಿಸಿಹಾಕಿತ್ತು. “ವಾಪಸ್ ತರಿಸೋಕಾಗಲ್ವೇನ್ರೀ?”

“ಲಿಫ್ಟ್ ಆಗಿದ್ರೆ ಹೇಗಾದ್ರೂ ಮಾಡಿ ಮೇಲಕ್ಕೆತ್ತುತಿದ್ದೆ. ಇದು ಹೋದ್ರೆ ಹೋದಂಗೇ.”

ಇಬ್ಬರ ತಲೆಯಲ್ಲೂ ಒಂದೇ ಯೋಚನೆ. ಹಿಂದೆ ಅತ್ತೆ ಸ್ವೆಟರ್ ಹೆಣೆಯುತ್ತಿದ್ದರು. ನೆಂಟರೊಬ್ಬರು ಕುತೂಹಲಕ್ಕೆ ಎಳೆ ಹಿಡಿದೆಳೆದು ಅರ್ಧ ತೋಳು ಬಿಚ್ಚಿಹೋಯಿತು. ಅತ್ತೆ ಬೈಯಲಿಲ್ಲ, ಸೂಜಿಗಳನ್ನು ಎತ್ತಿಟ್ಟರು, ಮತ್ತೆ ಮುಟ್ಟಲೇ ಇಲ್ಲ. ಈಗ ಕಂಟ್ರೋಲರನ್ನೂ ಹಾಗೇ ಎತ್ತಿಟ್ಟುಬಿಟ್ಟರೆ? ಬೆರಳುಗಳು ಇನ್ನೂ ಅರ್ಧ ದಾರಿಯಲ್ಲಿವೆ. ಫಿಸಿಯೋ ಹುಡುಗಿಯ ‘ಹೀಗೇ ಉಳಿದುಬಿಡುತ್ತೆ’ ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಅತ್ತೆ ಬರುವುದರೊಳಗೆ ಆ ಹಡಗನ್ನು ಇದ್ದ ಹಾಗೆ ಮತ್ತೆ ಕಟ್ಟಿ ನಿಲ್ಲಿಸಬೇಕು. ನಮ್ಮವರಿಗೆ ಊರಾಚೆಯ ದೊಡ್ಡ ಕಟ್ಟಡದಲ್ಲಿ ಬಿಡುವಿಲ್ಲದ ಕೆಲಸ. ಉಳಿದವಳು ನಾನೇ.

ಅಂಗಡಿಯಿಂದ ಬಂದವಳೇ ಮಧ್ಯಾಹ್ನವಿಡೀ ಸೋಫಾದಲ್ಲಿ ಕೂತು ಯುದ್ಧ ಸನ್ನದ್ಧಳಾದೆ. ಮೊದಲ ದಿನ ಹಡಗಿನ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯದೆ ಗೋಡೆಗೇ ಹಾಯುತ್ತಿದ್ದೆ. ಒಂದು ಯಂತ್ರಮಾನವನಿಗೆ ಡಿಕ್ಕಿ ಹೊಡೆದು “ಸಾರಿ ಅಣ್ಣಾ” ಎಂದೆ. ನಮ್ಮವರು ಲಿಫ್ಟಿನ ಕೆಳಗಿನ ಹಳ್ಳದೊಳಗಿಂದ ಫೋನಿನಲ್ಲಿ ಮಾರ್ಗದರ್ಶನ ಮಾಡುತ್ತಿದ್ದರು.

“ಎಡಕ್ಕೆ ತಿರುಗೇ, ಎಡಕ್ಕೆ! ಈಗ ಏರು!”

“ಏರಿದೆ ರೀ!”

“ನಿನಗಲ್ವೇ! ಇಲ್ಲಿ ನಮ್ಮ ಹೆಲ್ಪರ್‌ಗೆ ಹೇಳಿದ್ದು!”

ಒಲೆಯ ಮೇಲೆ ಹಾಲು ಉಕ್ಕಿತು, ಬಟ್ಟೆ ಒಣಗಿ ಗರಿಗರಿಯಾಗಿ ತಂತಿಯ ಮೇಲೇ ಉಳಿಯಿತು, ನಾನು ಮಾತ್ರ ಗ್ರಹದಿಂದ ಗ್ರಹಕ್ಕೆ ಪೆಟ್ಟಿಗೆ ಹೊತ್ತೆ. ನನ್ನ ಹೆಬ್ಬೆರಳು ಊದಿಕೊಂಡಿತು. ನೆಟ್ಟಗಿರುವ ಕೈಗೇ ಇಷ್ಟು ನೋವಾದರೆ ಆ ಮುರಿದ ಕೈಯಲ್ಲಿ ಅವರು ಇಷ್ಟನ್ನೆಲ್ಲ ಹೇಗೆ ಎತ್ತಿಟ್ಟಿದ್ದರು? ಚೆಂಡನ್ನು ಕಪಾಟಿನ ಮೇಲಿಟ್ಟರೆಂದು ಅವರನ್ನು ಹಟಮಾರಿ ಎಂದುಕೊಂಡಿದ್ದೆ. ಉಗ್ರಾಣದ ನಡುವೆ ನಿಂತು ನನಗೆ ನಾಚಿಕೆಯಾಯಿತು. ಆಮೇಲೆ, ಸುಳ್ಳೇಕೆ ಹೇಳಲಿ, ಹಸಿರು ತಲೆಯವನೊಬ್ಬ ನನ್ನ ಪೆಟ್ಟಿಗೆಗೆ ಕೈ ಹಾಕಿದಾಗ ಕೆಂಪು ಗುಂಡಿಯನ್ನು ನಾನು ಬಹಳ ಸಂತೋಷದಿಂದಲೇ ಒತ್ತಿದೆ.

ಅತ್ತೆ ಬಂದರು. ಚೀಲ ಇಟ್ಟು, ಕಾಲು ತೊಳೆದು, ನೇರ ಸೋಫಾಕ್ಕೆ. ನಮ್ಮವರು ಪೇಪರ್ ಅಡ್ಡ ಹಿಡಿದರು. (ತಲೆಕೆಳಗಾಗಿ.) ಹಡಗು ಇತ್ತು. ಗ್ರಹಗಳು ಇದ್ದವು. ಉಗ್ರಾಣದ ಬಾಗಿಲು ತೆರೆಯಿತು, ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ನಾನು ಉಸಿರು ಬಿಟ್ಟೆ.

ಅತ್ತೆ ಪೆಟ್ಟಿಗೆಗಳ ಸಾಲಿನುದ್ದಕ್ಕೂ ಒಂದು ಸುತ್ತು ಹೋಗಿಬಂದರು. ಆಮೇಲೆ ಕೇಳಿದರು: “ಯಾರು ಜೋಡಿಸಿದ್ದು ಇದನ್ನ?”

“ನೀವೇ ಅಲ್ವಾ ಅತ್ತೆ?”

“ಹೊಳೆಯೋ ಹೊಸ ಪೆಟ್ಟಿಗೆ ಎಲ್ಲಾ ಮುಂದಿದೆ, ಮಾಸಿದ್ದು ಹಿಂದಿದೆ. ಈ ಮನೇಲಿ ಹೊಸದನ್ನ ತಂದು ಮುಂದಿಡೋಳು ಒಬ್ಬಳೇ.”

ನನ್ನ ಕೈ ನನಗೇ ಗೊತ್ತಿಲ್ಲದೆ ಬಾಹ್ಯಾಕಾಶದಲ್ಲೂ ಚಪ್ಪಲಿ ಅಂಗಡಿ ತೆರೆದಿತ್ತು! ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅತ್ತೆ ಕಂಟ್ರೋಲರನ್ನು ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟರು. ನಮ್ಮವರು ಪೇಪರ್ ಕೆಳಗಿಳಿಸಿದರು. ನನಗೆ ಅಳು ಬಂತು.

“ಆಡೋದು ನಿಲ್ಲಿಸಬೇಡಿ ಅತ್ತೆ. ನನ್ನನ್ನ ಏನು ಬೇಕಾದ್ರೂ ಅನ್ನಿ, ಕೈ ಆಡಿಸೋದು ಮಾತ್ರ ಬಿಡಬೇಡಿ.”

ಅತ್ತೆ ನನ್ನ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಇಷ್ಟನ್ನೂ ನೀನೊಬ್ಬಳೇ ಹೊತ್ತೆಯಾ?”

“ಹೂಂ.”

“ಹುಚ್ಚು ಹುಡುಗಿ.” ಮಗನ ಕಡೆ ತಿರುಗಿದರು. “ಇನ್ನೊಂದು ರಿಮೋಟ್ ಇದೆಯಲ್ಲ, ಅದನ್ನ ಇವಳಿಗೆ ಕೊಡೋ.”

ಹೀಗೆ ನಾನು ಅಧಿಕೃತವಾಗಿ ಹಡಗು ಹತ್ತಿದೆ. ತಾರಾದಂಡಿನಲ್ಲಿ ಇಬ್ಬರು ಆಡಬಹುದು, ಆದರೆ ಕ್ಯಾಪ್ಟನ್ ಒಬ್ಬರೇ, ಎರಡನೆಯವರು ಸಹಾಯಕ. ಕ್ಯಾಪ್ಟನ್ ಹೇಳಿದ್ದನ್ನು ಹೊರುವುದು, ಗುಂಡಿ ಒತ್ತಿ “ಆಗಲಿ, ಕ್ಯಾಪ್ಟನ್” ಎನ್ನುವುದು, ಇಷ್ಟೇ ಅವರ ಕೆಲಸ. ನನ್ನ ಪೆಟ್ಟಿಗೆಗಳನ್ನೆಲ್ಲ ನಾನೇ ಮತ್ತೆ ಹಿಂದಕ್ಕೆ ಹೊತ್ತೆ. ಅಡುಗೆಮನೆಯಲ್ಲಾದರೂ ಎದುರು ಮಾತಾಡುವ ಹಕ್ಕಿತ್ತು. ಕಂಪನಿಯವರೇ, ಒಂಬತ್ತನೇ ಭಾಗದಲ್ಲಿ ನೀವು ಲಿಫ್ಟ್ ಸರಿಮಾಡುತ್ತೀರೋ, ಪೆಟ್ಟಿಗೆಗೆ ತಾರೀಖು ಹಾಕುತ್ತೀರೋ ನಿಮಗೆ ಬಿಟ್ಟದ್ದು. ಸಹಾಯಕಿಗೆ ದಯವಿಟ್ಟು ಒಂದು ‘ಆಗಲ್ಲ’ ಗುಂಡಿ ಇಡಿ.

ಮೊನ್ನೆ ಫಿಸಿಯೋ ಹುಡುಗಿ ಬಂದು, “ಎಲ್ಲಿ, ನನ್ನ ಕೈ ಹಿಂಡಿ ನೋಡೋಣ ಅಜ್ಜಿ” ಎಂದಳು. ಅತ್ತೆ ಹಿಂಡಿದರು. “ಅಯ್ಯಮ್ಮಾ!” ಎಂದು ಹೆಡ್‌ಮಾಸ್ತರರು ಕೂಗಿಕೊಂಡರು. “ಪೂರ್ತಿ ಸರಿಹೋಗಿದೆ ಅಜ್ಜಿ. ಇನ್ನು ಆಟ ನಿಲ್ಲಿಸಿದ್ರೂ ಪರವಾಗಿಲ್ಲ.”

“ನಿಲ್ಲಿಸೋದು ಅಂದ್ರೆ?” ಎಂದು ಚೀರಿದ ದನಿ ಯಾರದೆಂದು ನೋಡಿದರೆ ನನ್ನದೇ.

ಅತ್ತೆ ನಕ್ಕರು. “ಹಡಗು ನೀನೇ ಇಟ್ಕೋ. ಕೈ ಬಂತಲ್ಲ, ಇನ್ನು ನನಗೆ ನನ್ನ ಅಡುಗೆಮನೆ ಸಾಕು.”

ಕ್ಯಾಪ್ಟನ್! ನಾನು! ಸೋಫಾದ ನಟ್ಟನಡುವೆ ಕೂತು ಹಡಗನ್ನು ಮೇಲಕ್ಕೆಬ್ಬಿಸಿದೆ. ಬಾಗಿಲಾಚೆ ಅಡುಗೆಮನೆ ಕಾಣುತ್ತಿತ್ತು. ಅತ್ತೆ ನೀರು ತುಂಬಿದ ದೊಡ್ಡ ಪಾತ್ರೆಯನ್ನು ಬಲಗೈಯಲ್ಲಿ ಹಿಡಿದೆತ್ತಿ ಒಲೆಯ ಮೇಲಿಟ್ಟರು. ಒಂದು ಹನಿ ತುಳುಕಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಅತ್ತೆಗೂ, ಈ ಆಟವನ್ನು ಮನೆಗೆ ತಂದ ಗಂಡನಿಗೂ, ಎಲ್ಲೋ ಕೂತಿರುವ ಆ ಕಂಪನಿಯವರಿಗೂ ಮನಸ್ಸಿನಲ್ಲೇ ಕೈ ಮುಗಿದೆ.

“ಲೇ! ಹಡಗು! ಹಡಗು!” ಎಂದು ನಮ್ಮವರು ಬೊಬ್ಬೆ ಹಾಕಿದರು.

ನೋಡುವಷ್ಟರಲ್ಲಿ ಹಸಿರು ತಲೆಯವರು ಮುತ್ತಿಕೊಂಡು ಎಲ್ಲ ಉರಿಸಿಬಿಟ್ಟಿದ್ದರು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದರು.

“ಕೊಟ್ಟು ಒಂದು ಗಳಿಗೆ ಆಗಿಲ್ಲ! ಎಲ್ಲಿ ನೋಡ್ತಾ ಕೂತಿದ್ದೆ?”

“ನಿಮ್ಮ ಕೈ ನೋಡ್ತಿದ್ದೆ ಅತ್ತೆ.”

“ನನ್ನ ಕೈಯಲ್ಲೇನಿದೆ ನೋಡೋಕೆ? ಏಳು, ಸರಿ ಆಚೆಗೆ,” ಎಂದು ಕಂಟ್ರೋಲರನ್ನು ಕಿತ್ತುಕೊಂಡು ನನ್ನ ತಲೆಗೆ ಟಕ್ಕೆಂದು ಒಂದು ಮೊಟಕಿದರು. ಬಲಗೈಯಲ್ಲೇ ಮೊಟಕಿದರು. ಚೆನ್ನಾಗಿ ನೋವಾಯಿತು, ಇನ್ನೊಂದು ಸಲ ಮೊಟಕಲಿ ಎನ್ನಿಸಿತು.