ಸಣ್ಣಪ್ಪನ ಬೆಂಡಿನ ವಿಮಾನ

ಸಣ್ಣಪ್ಪ ಆ ಭಾನುವಾರ ಬೆಳಿಗ್ಗೆ ಚಿತ್ತಮ್ಮನ ಹತ್ತಿರ ಬೆಂಡು ಕೊಂಡದ್ದೇ ಎಲ್ಲ ಅನಾಹುತಕ್ಕೂ ಮೂಲ.

ಚಿತ್ತಮ್ಮ ಹಿರಿಯೂರಿನ ಸಂತೆಬೀದಿಯಲ್ಲಿ ಬಾಸಿಂಗ ಕಟ್ಟುವವಳು. ಕೆರೆಯಲ್ಲಿ ಬೆಳೆಯುವ ಒಂದು ಗಿಡದ ಬಿಳಿಯ ತಿರುಳೇ ಬೆಂಡು. ಕೈಯಲ್ಲಿ ಹಿಡಿದರೂ ಹಿಡಿದಂತಿರುವುದಿಲ್ಲ, ಅಷ್ಟು ಹಗುರ. ಅದನ್ನು ತೆಳ್ಳಗೆ ಕೊಯ್ದು, ಜರಿ ಕಾಗದ ಅಂಟಿಸಿ ಮದುಮಕ್ಕಳ ಹಣೆಗೆ ಕಟ್ಟುತ್ತಾರೆ. ಊರಿನಲ್ಲಿ ಬೆಂಡಿಗೆ ಬೇರೆ ಉಪಯೋಗವೇ ಇಲ್ಲ. ಬೆಂಡು ಕೊಂಡವರ ಮನೆಯಲ್ಲಿ ಮದುವೆ ಎಂದು ಪಂಚಾಂಗ ನೋಡದೆಯೇ ಹೇಳಿಬಿಡಬಹುದು.

ಸಣ್ಣಪ್ಪನಿಗೆ ಬೆಂಡು ಬೇಕಾಗಿದ್ದದ್ದು ವಿಮಾನಕ್ಕೆ. ಸರ್ಕಾರಿ ಗುಮಾಸ್ತನಿಗೆ ಯಾಕಪ್ಪಾ ವಿಮಾನ ಎಂದರೆ, ಹುಚ್ಚಿಗೆ ಕಾರಣ ಕೇಳಬಾರದು. ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಅವನೊಂದು ಚಿತ್ರ ನೋಡಿದ್ದ. ಅಮೆರಿಕದವರು ಪರೀಕ್ಷೆಗೆಂದು ಮಾಡಿದ ವಿಮಾನವಂತೆ. ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಆಕಾಶಕ್ಕೆತ್ತಿ ನಿಂತಿತ್ತು. ಓಡುವ ಗೋಜಿಲ್ಲ, ನಿಂತಲ್ಲಿಂದಲೇ ನೆಟ್ಟಗೆ ಮೇಲಕ್ಕೆ. ಅಂದಿನಿಂದ ಸಣ್ಣಪ್ಪ ಕಚೇರಿ ಬಿಟ್ಟ ಮೇಲೆ ಅದರ ಮಾದರಿ ಮಾಡುತ್ತ ಕೂತ. ಸೈಕಲ್ ಟ್ಯೂಬನ್ನು ಸೀಳಿ ಹುರಿ ಮಾಡಿ ಹೊಟ್ಟೆಯೊಳಗೆ ಕಟ್ಟಿದ. ಒಂದರ ಮೇಲೊಂದು ಎರಡು ಫಂಕ ಇಟ್ಟು, ಇದು ಬಲಕ್ಕೆ ತಿರುಗಿದರೆ ಅದು ಎಡಕ್ಕೆ ತಿರುಗುವಂತೆ ಮಾಡಿದ. ಹಿಂದಿನ ಮೂರು ವಿಮಾನಗಳು ಮೊಣಕಾಲೆತ್ತರಕ್ಕೆ ಏರಿ ಮಕಾಡೆ ಬಿದ್ದವು. ಬಿದ್ದಾಗಲೆಲ್ಲ ಹೆಂಡತಿ ಏಕಾಂತಮ್ಮ, "ಮುಂದಿನ ಸಲ ಹಾರ್ತೈತೆ ಬಿಡ್ರಿ" ಎಂದು ಚೂರುಗಳನ್ನು ಆರಿಸಿ ಕೊಡುತ್ತಿದ್ದಳು.

ಈಗ ಅವಳು ತವರಿಗೆಂದು ಐಮಂಗಲಕ್ಕೆ ಹೋಗಿದ್ದಳು. ಬರುವುದರೊಳಗೆ ಬಿದಿರಿನ ರೆಕ್ಕೆ ಕಿತ್ತು ಬೆಂಡಿನ ರೆಕ್ಕೆ ಹಚ್ಚಿ, ಅವಳ ಕಣ್ಣೆದುರು ಹಾರಿಸಿ ಬೆರಗುಪಡಿಸಬೇಕು ಎಂಬುದು ಸಣ್ಣಪ್ಪನ ಆಸೆ. ಗಂಡಸಿಗೆ ಇಷ್ಟೂ ಆಸೆ ಇರಬಾರದೇ?

"ಎಷ್ಟು ಜೊತೆ?" ಎಂದು ಚಿತ್ತಮ್ಮ ಕೇಳಿದಳು.

ರೆಕ್ಕೆಯ ಧ್ಯಾನದಲ್ಲಿದ್ದ ಸಣ್ಣಪ್ಪ, "ಒಂದೇ ಜೊತೆ ಸಾಕು. ಆದ್ರೆ ದೊಡ್ಡದು ಬೇಕು" ಎಂದ.

ಹಿಂದೆ ಪಕ್ಕದ ಮನೆಯ ಶಾಂತಕ್ಕ ನಿಂತಿದ್ದಳು. ಯಾರ ಮದುವೆ ಎಂದಳು. ಮದುವೆ ಏನಿಲ್ಲ, ಸುಮ್ಮನೆ ಎಂದ ಸಣ್ಣಪ್ಪ. ಸುಮ್ಮನೆ ಯಾರಾದರೂ ಬೆಂಡು ಕೊಳ್ಳುತ್ತಾರೆಯೇ? ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದ. ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದ.

"ನಮ್ಮ ಏಕಾಂತಮ್ಮಂಗೆ ಮಾತ್ರ ಹೇಳ್ಬ್ಯಾಡಕ್ಕ. ಬಂದ ಮ್ಯಾಲೆ ಒಂದೇ ಸಲ ತೋರಿಸ್ತೀನಿ."

ಶಾಂತಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಹೆಂಡತಿ ತವರಲ್ಲಿ. ಗಂಡ ಕದ್ದು ಬಾಸಿಂಗ ಮಾಡಿಸುತ್ತಿದ್ದಾನೆ, ಅದೂ ದೊಡ್ಡದು. ಮಾತು ಕೊಟ್ಟಂತೆ ಶಾಂತಕ್ಕ ಯಾರಿಗೂ ಹೇಳಲಿಲ್ಲ, ದಾರಿಯಲ್ಲಿ ಸಿಕ್ಕವರನ್ನು ಬಿಟ್ಟು.

ಮಧ್ಯಾಹ್ನ ಸಣ್ಣಪ್ಪ ರೆಕ್ಕೆ ಅಂಟಿಸಿ, ಬಣ್ಣಕ್ಕೆ ಬೇರೇನೂ ಸಿಗದೆ ಅರಿಶಿನ ಕಲಸಿ ಬಳಿಯುತ್ತಿದ್ದ. ಆಗ ಅವನದೇ ಕಚೇರಿಯ ಮುರುಗಪ್ಪ ಬಂದ. ಬುದ್ಧಿ ಹೇಳುವುದೆಂದರೆ ಮುರುಗಪ್ಪನಿಗೆ ಎಲೆಯಡಿಕೆ ಹಾಕಿದಷ್ಟು ಖುಷಿ. ಬಾಗಿಲು ತೆರೆದ ಸಣ್ಣಪ್ಪನ ಕೈ ಹಳದಿ, ಕೆನ್ನೆ ಹಳದಿ, ಬನಿಯನ್ನೂ ಹಳದಿ. ಮುರುಗಪ್ಪ ಹೊಸಿಲಲ್ಲೇ ತಲೆ ಚಚ್ಚಿಕೊಂಡ.

"ಅರಿಶಿನಾನೂ ಹಚ್ಚಿಬಿಟ್ರೇನೋ ಸಣ್ಣಪ್ಪ? ಸರ್ಕಾರಿ ನೌಕರ ಎರಡನೇದು ಕಟ್ಕಂಡ್ರೆ ಕೆಲಸಕ್ಕೇ ಸಂಚಕಾರ ಕಣೋ."

ವಿಷಯ ಏನೆಂದು ಅರ್ಥವಾಗಲು ಸಣ್ಣಪ್ಪನಿಗೆ ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ಬಂತು. ಅಷ್ಟರಲ್ಲಿ ಅಂಗಳದಲ್ಲಿ ಓಣಿಯ ಜನವೆಲ್ಲ ನೆರೆದದ್ದು ಕಂಡು ನಗು ನಿಂತಿತು. ಬೆಂಡು ವಿಮಾನಕ್ಕೆ ಎಂದು ಅವನು ಆಣೆ ಇಟ್ಟು ಹೇಳಿದ. ಕಳ್ಳನೂ ಇಷ್ಟು ಸುಳ್ಳು ಹೇಳುವುದಿಲ್ಲ ಎಂದು ಒಬ್ಬ ಮುದುಕ ಗೊಣಗಿದ. ಹೆಣ್ಣು ಯಾವ ಊರಿನದು, ಅದನ್ನಾದರೂ ಹೇಳು ಎಂದು ಇನ್ನೊಬ್ಬರು ಸಮಾಧಾನವಾಗಿ ಕೇಳಿದರು.

ಆಗ ಶಾಂತಕ್ಕ ಸೆರಗಿನಿಂದ ಕಣ್ಣೊರೆಸುತ್ತ ತಾನು ಮಾಡಿದ್ದನ್ನು ಹೇಳಿದಳು. ಐಮಂಗಲದ ಕಡೆ ಹೋಗುವ ಬಸ್ಸಿನ ಕಂಡಕ್ಟರನ ಕೈಲಿ, ಸಣ್ಣಪ್ಪನ ಮನೆಯಲ್ಲಿ ಮದುವೆ, ಬಾಸಿಂಗಕ್ಕೆ ಬೆಂಡೂ ಬಂದಾಯಿತು, ಕೂಡಲೇ ಹೊರಟು ಬನ್ನಿ ಎಂದು ಅವನ ಮಾವನಿಗೆ ಹೇಳಿಕಳಿಸಿದ್ದಳು. ಸಂಜೆ ಬಸ್ಸಿಗೆ ಎಲ್ಲರೂ ಬರುತ್ತಾರೆ.

ಮಾವ ತಿಪ್ಪಯ್ಯ ಮಾತಿಗಿಂತ ಮೊದಲು ಕೈ ಎತ್ತುವ ಆಸಾಮಿ. ಹೊಡೆದರೆ ಹೊಡೆಯಲಿ, ಏಟು ನಾಲ್ಕು ದಿನಕ್ಕೆ ಮಾಯುತ್ತದೆ. ಆದರೆ ಏಕಾಂತಮ್ಮ ಈ ಮಾತು ನಂಬಿಬಿಟ್ಟರೆ? ಆ ಸಂಕಟ ತಡೆಯಲಾರದೆ ಸಣ್ಣಪ್ಪ ಒಳಗೆ ಓಡಿ ವಿಮಾನ ಎತ್ತಿಕೊಂಡು ಬಂದ.

ಎಲ್ಲರೂ ಸುತ್ತ ನಿಂತು ನೋಡಿದರು. ಬಿಳಿ ಬೆಂಡು, ಅರಿಶಿನ, ಚೂಪು ತುದಿ. ಬಾಸಿಂಗದ ಹಾಗೇ ಇದೆಯಲ್ಲ ಎಂದರು. ಹಾರಿದರೆ ವಿಮಾನ, ಹಾರದಿದ್ದರೆ ಬಾಸಿಂಗ ಎಂದು ಮುರುಗಪ್ಪ ತೀರ್ಪು ಕೊಟ್ಟ.

ಸಣ್ಣಪ್ಪ ಮನೆದೇವರನ್ನು ನೆನೆದು ಫಂಕ ತಿರುವತೊಡಗಿದ. ರಬ್ಬರು ಗಂಟುಗಂಟಾಗಿ ಬಿಗಿದುಕೊಂಡಿತು. ವಿಮಾನವನ್ನು ಅಂಗಳದ ಚಪ್ಪಡಿಯ ಮೇಲೆ ಬಾಲ ಊರಿ ನಿಲ್ಲಿಸಿ ಕೈಬಿಟ್ಟ.

ಬುರ್ರೆಂದು ಸದ್ದಾಯಿತು. ವಿಮಾನ ಒಮ್ಮೆ ನಡುಗಿ, ನೆಲ ಬಿಟ್ಟು, ಮೊಣಕಾಲು ದಾಟಿ, ತಲೆ ದಾಟಿ, ಮಾಡಿನ ಹೆಂಚು ದಾಟಿ ನೆಟ್ಟಗೆ ಏರಿತು. ಬೇವಿನ ಮರದ ತುದಿಗೂ ಮೇಲೆ ಹೋಗಿ ಬಿಸಿಲಿನಲ್ಲಿ ಹಳದಿಯಾಗಿ ಹೊಳೆಯಿತು. ಅಲ್ಲಿ ಗಾಳಿ ಸಿಕ್ಕಿದ್ದೇ ತಡ, ವೇದಾವತಿ ಹೊಳೆಯ ಕಡೆ ತೇಲುತ್ತ ಕಣ್ಮರೆಯಾಯಿತು. ಓಣಿಗೆ ಓಣಿಯೇ ಬಾಯಿ ತೆರೆದುಕೊಂಡು ನೋಡಿತು. ಸಣ್ಣಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೇ ಬಂತು. ಇವಳೊಬ್ಬಳು ಇಲ್ಲವಲ್ಲ ಎಂದುಕೊಂಡ.

ಮುರುಗಪ್ಪ ಅವನ ಕೈ ಹಿಡಿದು ತಪ್ಪಾಯಿತು ಎಂದ. ಮಾವ ಬರಲಿ, ನಾವೇ ಸಾಕ್ಷಿ ಎಂದರು ಎಲ್ಲರೂ. ಶಾಂತಕ್ಕ ಎಲ್ಲರಿಗೂ ಚಹಾ ಮಾಡಿ ಕೊಟ್ಟಳು. ಹೊಳೆ ದಂಡೆಯಲ್ಲಿ ಹುಡುಕಿ ಬಂದ ಸಣ್ಣಪ್ಪನಿಗೆ ವಿಮಾನದ ಒಂದು ಚೂರೂ ಸಿಗಲಿಲ್ಲ. ಹೋದರೆ ಹೋಗಲಿ, ನೋಡಿದವರಿದ್ದಾರಲ್ಲ ಎಂದು ನಿಶ್ಚಿಂತನಾಗಿ ಕೂತ.

ಸಂಜೆ ಬಸ್ಸಿಳಿದು ತಿಪ್ಪಯ್ಯ ಬಂದ. ಹಿಂದೆ ಏಕಾಂತಮ್ಮ, ಅವಳ ತಂಗಿ ಪುಟ್ಟಕ್ಕ, ಇನ್ನೂ ಹತ್ತಾರು ಜನ. ಸಣ್ಣಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ. ತಿಪ್ಪಯ್ಯ ಕೈ ಎತ್ತಿದ್ದು ನಿಜ, ಆದರೆ ಅಳಿಯನನ್ನು ತಬ್ಬಿಕೊಳ್ಳಲು.

"ಅಳಿಯಂದ್ರೆ, ಎಂಥಾ ದೊಡ್ಡ ಮನಸ್ಸು ನಿಮ್ಮದು! ನಮಗೊಂದು ಮಾತೂ ಹೇಳದಂಗೆ ಪುಟ್ಟಕ್ಕನ ಮದುವೆಗೆ ಬಾಸಿಂಗನೂ ಮಾಡ್ಸಕ್ಕೆ ಹಾಕಿದ್ರಂತಲ್ಲ."

ಪುಟ್ಟಕ್ಕನಿಗೆ ಹೊಸದುರ್ಗದಲ್ಲಿ ಗಂಡು ಗೊತ್ತಾಗಿತ್ತು. ಮದುವೆ ಪೇಟೆಯಲ್ಲೇ ಆಗಬೇಕೆಂದು ಗಂಡಿನ ಕಡೆಯವರ ಹಟ. ಹಿರಿಯೂರಿನಲ್ಲಿ ನೀವೇ ಮುಂದೆ ನಿಂತು ಮಾಡಿಕೊಡಿ ಎಂದು ತಿಪ್ಪಯ್ಯ ಅಳಿಯನಿಗೆ ಗೋಗರೆದಿದ್ದ. ಸಣ್ಣಪ್ಪ ನೋಡೋಣ, ನೋಡೋಣ ಎಂದು ಜಾರಿಕೊಳ್ಳುತ್ತಲೇ ಬಂದಿದ್ದ. ಈಗ ಮದುವೆ, ಬಾಸಿಂಗ, ಕೂಡಲೇ ಬನ್ನಿ ಎಂಬ ಸುದ್ದಿ ತಲುಪಿದರೆ ಆ ಮುದುಕ ಇನ್ನೇನೆಂದುಕೊಂಡಾನು?

ಸಣ್ಣಪ್ಪ ತಡವರಿಸುತ್ತ, ಅದು ಬಾಸಿಂಗವಲ್ಲ ಮಾವ, ವಿಮಾನ ಎಂದ. ತಿಪ್ಪಯ್ಯ ಗಹಗಹಿಸಿ ನಕ್ಕ. ವಿಮಾನ ಎಲ್ಲಿದೆ ಎಂದು ಕೇಳಿದ. ಹಾರಿಹೋಯಿತು ಎಂದ ಸಣ್ಣಪ್ಪ. ತಿಪ್ಪಯ್ಯ ಇನ್ನೂ ಜೋರಾಗಿ ನಕ್ಕು ಅಂಗಳದ ಜನರ ಕಡೆ ತಿರುಗಿದ.

"ನೀವೆಲ್ಲ ನಮ್ಮ ಅಳಿಯಂದ್ರ ಕಡೇರು. ಮದುವೆ ಮುಗಿಯಾಗಂಟ ನಿಮ್ಮ ಮನ್ಯಾಗೆ ಒಲೆ ಹಚ್ಚಂಗಿಲ್ಲ. ಮೂರು ದಿನಾನೂ ಇಲ್ಲೇ ಊಟ, ಹೋಳಿಗೆ ಊಟ."

"ಮುರುಗಪ್ಪ, ನೀನಾದ್ರೂ ಹೇಳೋ" ಎಂದು ಸಣ್ಣಪ್ಪ ಅಂಗಲಾಚಿದ. "ವಿಮಾನ ಹಾರಿದ್ದು ನೀನು ನೋಡ್ಲಿಲ್ವಾ?"

ಮುರುಗಪ್ಪ ಆಕಾಶ ನೋಡಿದ, ನೆಲ ನೋಡಿದ, ಗಂಟಲು ಸರಿಮಾಡಿಕೊಂಡ.

"ವಿಮಾನನಾ? ಯಾವ ವಿಮಾನನಪ್ಪ?"

ಬೆಂಡು ಕೊಂಡದ್ದನ್ನು ತಾನೇ ಕಣ್ಣಾರೆ ಕಂಡೆ ಎಂದಳು ಶಾಂತಕ್ಕ. ಉಳಿದವರು ತಲೆದೂಗಿದರು. ಆಗಲೇ ಒಬ್ಬ ಕಡಲೆಬೇಳೆ ಹೋಳಿಗೆಯೋ ಕಾಯಿ ಹೋಳಿಗೆಯೋ ಎಂದು ವಿಚಾರಿಸತೊಡಗಿದ.

ಸಣ್ಣಪ್ಪ ಸೋತು ಅಡಿಗೆಮನೆಗೆ ಬಂದು ಗೋಡೆಗೊರಗಿ ಕೂತ. ಏಕಾಂತಮ್ಮ ಹಿಂದೆಯೇ ಬಂದು, ಅವನ ಕೆನ್ನೆಯ ಅರಿಶಿನವನ್ನು ಸೆರಗಿನಿಂದ ಒರೆಸಿದಳು.

"ನಿಜವಾಗ್ಲೂ ಹಾರ್ತೇನ್ರಿ?" ಎಂದು ಪಿಸುಗುಟ್ಟಿದಳು.

"ಹಾರ್ತು. ಬೇವಿನ ಮರದ ಮ್ಯಾಲೆ ಹೋತು."

"ನಾ ನೋಡ್ಲಿಲ್ಲ ನೋಡ್ರಿ" ಎಂದು ಅವಳು ಪೇಚಾಡಿಕೊಂಡಳು. ಆಮೇಲೆ ಅವನ ಪಕ್ಕದಲ್ಲೇ ಕುಕ್ಕರಿಸಿ, ನೆಲ ಬಿಡುವಾಗ ಹೇಗೆ ಬಿಟ್ಟಿತು, ಸದ್ದು ಹೇಗಿತ್ತು, ಎಷ್ಟು ಹೊತ್ತು ಕಂಡಿತು ಎಂದು ಒಂದೊಂದಾಗಿ ಕೇಳಿದಳು. ಸಣ್ಣಪ್ಪ ಕೈಯೆತ್ತಿ ತೋರಿಸುತ್ತ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ಮುಖ ಅರಳಿತು.

ಅದೇ ಹೊತ್ತಿಗೆ ತಿಪ್ಪಯ್ಯ ಹೊರಗಿನಿಂದ, ಚಪ್ಪರ ಅಂಗಳದ ತುಂಬ ಹಾಕಿಸೋಣವೇ ಅಳಿಯಂದ್ರೆ ಎಂದು ಕೂಗಿ ಕೇಳಿದ. ಹೇಳುತ್ತಿದ್ದ ಮಾತಿನಲ್ಲಿ ವಿಮಾನ ಇನ್ನೂ ಬೇವಿನ ಮರದ ತುದಿಯಲ್ಲಿದ್ದ ಆ ಗಳಿಗೆಯಲ್ಲಿ ಸಣ್ಣಪ್ಪ, ಹೂಂ ಮಾವ, ಹಾಕಿಸಿಬಿಡಿ ಎಂದುಬಿಟ್ಟ.