ಮಾವನ ಗಾಡಿಗೆ ಮನೆಯ ಕಿಟಕಿ

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎನ್ನುವವರ ಸಾಲಿನಲ್ಲಿ ಬಹಳ ದಿನ ನಾನೇ ಮೊದಲು ನಿಂತಿದ್ದೆ. ನಿಲ್ಲದೆ ಏನು ಮಾಡಲಿ? ಮಲಗುವ ಕೋಣೆಯ ಕಿಟಕಿಯ ಕಂಬಿ ಕಿತ್ತು ಕಾರಿಗೆ ಹಾಕಿಸಿದವರನ್ನು ನೀವು ಇನ್ನೆಲ್ಲಿ ಕಂಡಿದ್ದೀರಿ? ಅದೂ ನಾಯಿಗೋಸ್ಕರ! ಹಾಕಿಸಲೇಬೇಕೆಂದು ಹಟ ಹಿಡಿದವನು ನಾನು. ಈ ಕಥೆ ಹೇಳುವಾಗಲೆಲ್ಲ ಈ ಕೊನೆಯ ವಾಕ್ಯವನ್ನು ನುಂಗಿಬಿಡುತ್ತಿದ್ದೆ. ಈ ಸಲ ಮೊದಲೇ ಉಗುಳಿದ್ದೇನೆ.

ಮಾವನದು ದಿಬ್ಬೂರಹಳ್ಳಿಯ ಹತ್ತಿರ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಲು ಒಂದು ಹಳೆಯ ಎಸ್‌ಯುವಿ. ಅದರ ಬಣ್ಣ ಯಾವುದು ಎಂಬ ಬಗ್ಗೆ ನಮ್ಮ ವಂಶದಲ್ಲಿ ಎರಡು ಪಂಗಡಗಳಿವೆ. ಹಿಂದಿನ ಬಾಗಿಲು ತೆರೆಯಲು ಒಳಗೊಬ್ಬರು ಒದೆಯಬೇಕು, ಹೊರಗೊಬ್ಬರು ಎಳೆಯಬೇಕು.

ನಾಯಿ ಕಂದು ಬಣ್ಣದ ಬೀದಿನಾಯಿ. ಒಂದು ಕಿವಿ ಸದಾ ಜೋತುಬಿದ್ದದ್ದು. ಇನ್ನೊಂದು ಎಲ್ಲಾದರೂ ಸದ್ದಾದರೆ ಮಾತ್ರ ಬಾವುಟದಂತೆ ಮೇಲೇಳುವುದು. ಮಾವನ ಬೆನ್ನ ಹಿಂದಿನ ಸೀಟು ಅದರ ಪಿತ್ರಾರ್ಜಿತ ಆಸ್ತಿ. ಅಲ್ಲಿ ನಿಂತು, ಮಾವನ ಬಲಹೆಗಲಿಗೆ ಗದ್ದ ಊರಿ, ರಸ್ತೆ ನೋಡುತ್ತಾ ಬರುತ್ತಿತ್ತು. ಮಾವನ ಎಲ್ಲ ಅಂಗಿಗಳೂ ಬಲಹೆಗಲಲ್ಲಿ ಮಾಸಿರುತ್ತಿದ್ದವು. ಮಾವ ಅದಕ್ಕೆ ಕೊಡುತ್ತಿದ್ದ ಮರ್ಯಾದೆಯನ್ನು ಕೇಳಬೇಕು ನೀವು! "ಹತ್ತಪ್ಪ", "ಕೂತ್ಕೊಳ್ಳಪ್ಪ", "ಹುಷಾರಪ್ಪ". ಐವತ್ತು ದಾಟಿದ ಹೈಸ್ಕೂಲು ಮೇಷ್ಟ್ರಾದ ನನಗೆ ಮಾತ್ರ "ಲೇ ಇವನೇ".

ಇತ್ತೀಚೆಗೆ ಮಾವನಿಗೆ ಇನ್ನೊಂದು ರೋಗ ಹತ್ತಿಕೊಂಡಿತ್ತು. ಬಲಗಡೆ ನಿಂತು ಮಾತಾಡಿಸಿದವರಿಗೆ ಉತ್ತರವೇ ಕೊಡುತ್ತಿರಲಿಲ್ಲ. "ವಯಸ್ಸಾಗ್ತಾ ಆಗ್ತಾ ಕೊಬ್ಬು ಜಾಸ್ತಿ ಆಯ್ತು" ಎಂದು ಊರವರು ಅಂದರು. ನಾನೂ ಅಂದೆ. ಮೊದಲು ಅಂದವನು ನಾನೇ ಇರಬಹುದು.

ಹೀಗಿರುವಾಗ ನನ್ನ ಮಗಳಿಗೆ ಗೌರಿಬಿದನೂರಿನ ಸಂಬಂಧ ಬಂತು. ಹುಡುಗನ ತಂದೆತಾಯಿಯನ್ನು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಕರೆತರಬೇಕು. ನನ್ನ ಹತ್ತಿರ ಇರುವುದು ಸ್ಕೂಟರು. ಬಾಡಿಗೆ ಕಾರು ತಂದರೆ ನಮಗೆ ಕಾರಿಲ್ಲವೆಂದು ತಿಳಿದುಬಿಡುತ್ತದಲ್ಲ! ಮಾವನ ಹತ್ತಿರ ಹೋದೆ.

"ನಾಯಿ ಬೇಡ ಮಾವ, ಒಂದು ದಿನ ಮನೇಲಿರ್ಲಿ."

"ಅದು ಬರ್ದಿದ್ರೆ ನಾನೂ ಬರಲ್ಲ."

"ಬೀಗರ ಮೈಮೇಲೆ ಜೊಲ್ಲು ಸುರಿಸಿದ್ರೆ?"

"ನಿಮ್ಮ ತಾತ ಸುರಿಸ್ತಿರಲಿಲ್ವೇನೋ? ಆದ್ರೂ ನಿಮ್ಮಜ್ಜೀನ ಕೊಡಲಿಲ್ವಾ?"

ಕೊನೆಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಹಿಂದಿನ ಸೀಟಿನ ಬೆನ್ನಿಗೆ ಕಂಬಿಯ ತಡೆ ಹಾಕಿ, ಸಾಮಾನು ಇಡುವ ಜಾಗದಲ್ಲಿ ನಾಯಿಯನ್ನು ಕೂರಿಸುವುದು. ಡಾಗ್ ಗಾರ್ಡ್. "ಇಷ್ಟೇನಾ?" ಎಂದ ಮಾವ, ಹುಳುಮನೆಯಿಂದ ಒಂದು ಚಂದ್ರಿಕೆ ತಂದ. ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ, ಬಿದಿರಿನ ಸುರುಳಿಗಳ ದೊಡ್ಡ ತಟ್ಟೆ ಅದು. ಹಗ್ಗದಲ್ಲಿ ಬಿಗಿದ. ಶಿಡ್ಲಘಟ್ಟ ಮುಟ್ಟುವಷ್ಟರಲ್ಲಿ ನಾಯಿ ಅದನ್ನು ಕಡಿದು, ತೂತಿನಲ್ಲಿ ತಲೆ ತೂರಿಸಿ, ಕೊರಳಲ್ಲಿ ಬಿದಿರಿನ ಹಾರದೊಂದಿಗೆ ಇಳಿಯಿತಂತೆ. ಮಾರುಕಟ್ಟೆಯವರು, "ಏನಣ್ಣಾ, ಮದ್ವೆ ಇದಕ್ಕೇನಾ?" ಎಂದು ಕೇಳಿದರಂತೆ. ನಾನು ಅಲ್ಲಿರಲಿಲ್ಲ. ಆದರೂ ಆ ಹಾರವನ್ನು ಕಣ್ಣಾರೆ ಕಂಡಂತೆ ಎಷ್ಟು ಜನರಿಗೆ ವರ್ಣಿಸಿದ್ದೇನೆ!

ಮುಂದಿನ ಪ್ರಯತ್ನವೇ ಕಿಟಕಿ. ಅದನ್ನು ಹೊತ್ತು ಚಿಂತಾಮಣಿಯ ವೆಲ್ಡಿಂಗ್ ಅಂಗಡಿಗೆ ಹೋದೆವು.

"ಇದೇಮಿ ಸ್ವಾಮಿ, ಮನೆ ಕಿಟಕಿ ಅಲ್ವಾ? ಮತ್ತೆ ಮನೆಗೆ?"

"ನಾಯಿ ಇರೋದು ಕಾರಲ್ಲಪ್ಪ. ಮನೆಗ್ಯಾಕೆ?"

ನೋಡಿ, ವೆಲ್ಡಿಂಗಿನವನೂ ಅಪ್ಪ!

ಆಮೇಲೆ ಮಾವ ತಗ್ಗಿದ ದನಿಯಲ್ಲಿ ಅವನನ್ನು ಕೇಳಿದ: "ಹಿಂಗೆ ಉದ್ದಕ್ಕೆ ಹಾಕಿದ್ರೆ ಆಗಲ್ವಾ? ನನ್ನ ಹಿಂದಿನ ಸೀಟು ಅದಕ್ಕೇ ಇರ್ಲಿ. ಉಳಿದವರು ಕಂಬಿ ಆಚೆ ಕೂತ್ಕೊಳ್ಳಲಿ." ಅವನು ಒಪ್ಪಿದ್ದ. ನಾನು ಒಪ್ಪಲಿಲ್ಲ. "ಬೀಗರನ್ನ ಬೋನಲ್ಲಿ ಕೂರಿಸ್ತೀಯಾ? ಹಿಂದಕ್ಕೇ ಹಾಕ್ಸು ಮಾವ, ಮಾನ ಕಳೀಬೇಡ." ಯಾರಿಗೂ ಸೋಲದ ಮಾವ ಅವತ್ತು ಸೋತ. ನನಗೆ ಗೆದ್ದ ಖುಷಿ. ನಾಲ್ಕು ಬೋಲ್ಟುಗಳಲ್ಲಿ ಕೊನೆಯದನ್ನು ನನ್ನ ಕೈಯಿಂದಲೇ ಬಿಗಿದೆ.

ಬೀಗರ ದಿನ ಬಂತು. ಬೀಗರು ಮುಂದೆ, ಬೀಗಿತ್ತಿ ಮತ್ತು ನಾನು ಹಿಂದೆ. ನಾನು ಕೂತದ್ದು ಮಾವನ ಬೆನ್ನಿಗೆ, ನಾಯಿಯ ಜಾಗದಲ್ಲಿ. ಕಂಬಿಯ ಆಚೆ ನಾಯಿ. ಗೌರಿಬಿದನೂರು ದಾಟಿದ್ದೇ ತಡ, ಹಿಂದೆ ಯಾವ ಗಾಡಿ ಬಂದರೂ ಅದು ಕಂಬಿಗೆ ಎಗರಿ ಬೊಗಳುತ್ತಿತ್ತು. ನಾನು ಅದನ್ನು ಗದರಿಸುತ್ತಾ, ಮಗಳ ಅಂಕಗಳನ್ನು ವರ್ಣಿಸುತ್ತಿದ್ದೆ. ಮಂಚೇನಹಳ್ಳಿಯ ಹತ್ತಿರ ಒಂದು ಲಾರಿ ಹಾರನ್ ಹೊಡೆಯಿತು. ನನಗೆ ಚೆನ್ನಾಗಿ ಕೇಳಿಸಿತು. ಮಾವ ಪಕ್ಕಕ್ಕೆ ಸರಿಯಲಿಲ್ಲ. ಮತ್ತೆ ಹಾರನ್. ಸರಿಯಲಿಲ್ಲ. ಲಾರಿ ಉಜ್ಜಿಕೊಂಡೇ ಹೋಯಿತು, ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು.

ಲಾರಿ ಎಂದು ಬರೆದಿದ್ದೇನೆ. ಅವತ್ತು ಹೆಂಡತಿಗೆ ಬಸ್ಸು ಎಂದಿದ್ದೆನಂತೆ. ನನ್ನ ನೆನಪು ಆಗಾಗ ಗಾಡಿ ಬದಲಿಸುತ್ತದೆ. ನಾನು ಕಿರುಚಿದ ಮಾತು ಮಾತ್ರ ಬದಲಾಗುವುದಿಲ್ಲ: "ಕಿವುಡಾ ನಿಂಗೆ?"

ಮಾವ ಗಾಡಿ ನಿಲ್ಲಿಸಿದ. ಬೀಗರ ಕಡೆ ತಿರುಗಿ ನಕ್ಕ. "ನಾಯಿ ಬೊಗಳ್ತಿತ್ತಲ್ಲ ಸ್ವಾಮಿ, ಹಾರನ್ ಕೇಳಿಸ್ಲಿಲ್ಲ." ಆ ನಾಯಿಯ ಮೇಲೆ ಮಾವ ತಪ್ಪು ಹೊರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಾನು ಹೇಳ್ಲಿಲ್ವಾ, ಆ ಶನಿ ಬೇಡ ಅಂತ!" ಎಂದೆ ನಾನು.

ಸಂಬಂಧ ಕುದುರಿತು. ಹೊರಡುವಾಗ ಬೀಗಿತ್ತಿ ಕೇಳಿದರು: "ಪಾಪ, ನಾಯೀನ ಯಾಕೆ ಹಂಗೆ ಜೈಲಿಗೆ ಹಾಕಿದೀರಿ? ನಮ್ಮನೇಲಿ ಮೂರಿವೆ, ಮೂರೂ ಸೋಫಾ ಮೇಲೇ!"

ಎರಡು ವಾರದ ಮೇಲೆ ಊರಿಗೆ ಹೋದರೆ ಗಾಡಿ ಹುಣಸೆಮರದ ಕೆಳಗೆ ನಿಂತಿತ್ತು. ಗೂಡು ಪಕ್ಕದ ತೋಟದವರ ಟೆಂಪೋದಲ್ಲಿ ಹೋಗುತ್ತಿತ್ತಂತೆ. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅವತ್ತಿಂದ ಗಾಡಿ ಮುಟ್ಟಿಲ್ಲ ಕಣೋ. ಬಲಗಿವಿ ಹೋಗಿ ವರ್ಷ ಆಯ್ತು, ಗಾಡಿ ಸದ್ದಲ್ಲಿ ಎಡಗಿವಿಗೂ ಸರಿಯಾಗಿ ಕೇಳಲ್ಲ. ಯಾರ್ಗೂ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕ್ಸಿದ್ರು. ಹಿಂದೆ ಹಾರನ್ ಆದ್ರೆ ನಾಯಿ ಕಿವಿ ಏಳುತ್ತೆ, ಇವ್ರ ಕೆನ್ನೆಗೆ ತಾಗುತ್ತೆ, ಇವ್ರು ಪಕ್ಕಕ್ಕೆ ಸರೀತಾರೆ. ಹಂಗೇ ಓಡಿಸ್ತಿದ್ರು."

ಆ ಕ್ಷಣವೇ ನಾನು ಕುಸಿದುಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಸುಳ್ಳು. ಮೊದಲು ಹೊಳೆದದ್ದು, ಇದು ಬೀಗರಿಗೆ ತಿಳಿಯಬಾರದು ಎಂದು. ಅದಾದ ಮೇಲೆ, ಎರಡು ಒಳ್ಳೆಯ ಕಿವಿ ಇಟ್ಟುಕೊಂಡು ನಾಯಿಯ ಜಾಗದಲ್ಲಿ ಕೂತಿದ್ದವನು ಯಾರು ಎಂಬುದು. ಮಗಳ ಅಂಕ ಹೇಳುವುದು ನಿಲ್ಲಿಸಿ ಮಾವನ ಹೆಗಲು ತಟ್ಟಿದ್ದರೆ ಸಾಕಿತ್ತು. ನಾಯಿಗಿದ್ದ ಬುದ್ಧಿ ಅದು.

ಸ್ಪ್ಯಾನರ್ ತಂದೆ. ಮೂರು ಬೋಲ್ಟು ಬಂದವು. ನಾನು ಬಿಗಿದದ್ದು ಬರಲಿಲ್ಲ. ಗೆಣ್ಣು ಸುಲಿದುಕೊಂಡು ತಿರುಗಿಸುತ್ತಿರುವಾಗ ಮಾವ ಬಂದ.

"ಲೇ, ಏನ್ ಮಾಡ್ತಿದೀಯ?"

ಎದ್ದು, ಸುತ್ತಿ ಬಂದು, ಅವನ ಎಡಗಡೆ ನಿಂತು ಹೇಳಿದೆ: "ಕಿಟಕಿ ಮನೆಗೆ ಹಾಕಣ ಮಾವ."

ಮಾವ ನನ್ನನ್ನೇ ನೋಡಿದ. ನಾನು ಎಡಕ್ಕೆ ಸುತ್ತಿ ಬಂದದ್ದು ಅವನಿಗೆ ಅರ್ಥವಾಗಿತ್ತು. ಸ್ಪ್ಯಾನರ್ ಕಿತ್ತುಕೊಂಡು ಬೋಲ್ಟು ಬಿಚ್ಚಿದ. ಆಮೇಲೆ ಬೀಗದ ಕೈ ತಂದ.

ನಾಯಿ ತನ್ನ ಸೀಟಿಗೆ ಹಾರಿತು. ನಾನು ಮುಂದೆ ಕೂರಲಿಲ್ಲ. ಅದರ ಬಲಕ್ಕೆ, ಬಾಗಿಲಿಗೆ ಒತ್ತಿಕೊಂಡು ಕೂತೆ. ಶಿಡ್ಲಘಟ್ಟದ ರಸ್ತೆಯಲ್ಲಿ ಹಿಂದೆ ಬಸ್ಸು ಹಾರನ್ ಹೊಡೆಯಿತು. ನಾಯಿಯ ಕಿವಿ ಎದ್ದಿತು, ನಾನೂ ಅವಸರದಲ್ಲಿ ಮಾವನ ಬಲಹೆಗಲು ಮುಟ್ಟಿದೆ. ಗಾಡಿ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

"ಗೊತ್ತಾಯ್ತಪ್ಪ" ಎಂದ ಮಾವ, ತಿರುಗದೆ.

ನನಗೆ ಹೇಳಿದ್ದೋ, ನಾಯಿಗೋ? ಕೇಳಲಿಲ್ಲ. ಕೇಳಿದರೂ ಉತ್ತರ ಬರುತ್ತಿರಲಿಲ್ಲ. ಇಬ್ಬರೂ ಅವನ ಬಲಗಡೆಯೇ ಇದ್ದೆವು.