ಅರ್ಬಾಬರಿಗೆ ನಾನು ಕೋವಿ ಆರಿಸಿಕೊಟ್ಟದ್ದು

ಕೊಡಗಿನಲ್ಲಿ ಹುಟ್ಟಿದವನಿಗೆ ಒಂದು ಅನುಕೂಲವಿದೆ. ಇವನಿಗೆ ಕೋವಿ ಹಿಡಿಯಲು ಬರುತ್ತದೆ ಎಂದು ಲೋಕವೇ ನಂಬಿಬಿಡುತ್ತದೆ, ನಾವಾಗಿ ಹೇಳಿಕೊಳ್ಳಬೇಕಾಗಿಲ್ಲ. ದುಬೈನ ಜುಮೇರಾ ಲೇಕ್ ಟವರ್ಸ್‌ನ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವ ನಾನು ಈ ಅನುಕೂಲವನ್ನು ಬಹಳ ವರ್ಷ ಬಿಟ್ಟಿಯಾಗಿ ಅನುಭವಿಸಿದೆ. ನನ್ನ ಮೇಜಿನ ಮೇಲೆ ಮದುವೆಯ ಫೋಟೋ ಇದೆ. ಮೈಮೇಲೆ ಬಿಳಿ ಕುಪ್ಯ, ಸೊಂಟದಲ್ಲಿ ಬೆಳ್ಳಿ ಹಿಡಿಯ ಪೀಚೆಕತ್ತಿ, ಕೈಯಲ್ಲಿ ಕೋವಿ. ಕೋವಿ ಚಿಕ್ಕಪ್ಪನದು, ಫೋಟೋ ತೆಗೆದ ಕೂಡಲೇ ಕಸಿದುಕೊಂಡರು. ನನ್ನ ಶೌರ್ಯವೆಲ್ಲ ನೆಂಟರ ಮದುವೆಗಳಲ್ಲಿ ಬಾಳೆದಿಂಡು ಕಡಿಯುವುದರಲ್ಲೇ ಮುಗಿದಿತ್ತು. ಬಾಳೆ ಓಡುವುದಿಲ್ಲ.

ಒಂದು ಬೆಳಿಗ್ಗೆ ನಮ್ಮ ಅರ್ಬಾಬ್, ಅಂದರೆ ಕಂಪನಿಯ ಯಜಮಾನರು, ಆ ಫೋಟೋದ ಮುಂದೆ ನಿಂತರು. ಅವರ ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷ್.

"ನಂಜಬ್ಬ, ನಿಮ್ಮ ಕುಲದವರೆಲ್ಲ ಬೇಟೆಗಾರರಾ?"

ನನ್ನ ಹೆಸರು ನಂಜಪ್ಪ, ಅರಬ್ಬರ ನಾಲಿಗೆಗೆ 'ಪ' ಹೊರಳುವುದಿಲ್ಲ. ಆದರೆ ಆ ತಿಂಗಳು ತಿದ್ದುವ ಪರಿಸ್ಥಿತಿಯಲ್ಲಿ ನಾನಿರಲಿಲ್ಲ. ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಿದ್ದರು. ಯಾರು ಉಳಿಯಬೇಕು, ಯಾರು ಹೋಗಬೇಕು ಎನ್ನುವುದು ಅರ್ಬಾಬರ ಕೈಯಲ್ಲಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಊದ್ ಮೇಥಾದ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿರುವ ಮಗಳು ನಡುವರ್ಷದಲ್ಲಿ ಗಂಟುಮೂಟೆ ಕಟ್ಟಬೇಕು. ನಿದ್ದೆಯಲ್ಲೂ ಇದೇ ಯೋಚನೆ.

"ಹೌದು ಅರ್ಬಾಬ್," ಎಂದೆ.

ಅವರು ಭಾವಮೈದುನರ ಜೊತೆ ಹೊರದೇಶಕ್ಕೆ ಬೇಟೆಗೆ ಹೊರಟಿದ್ದರು. ಮೊಲ ಮತ್ತು ನರಿ. ಲೈಸೆನ್ಸ್ ಇದೆ, ರೈಫಲ್ ಇಲ್ಲ. ಅಬುಧಾಬಿಯ ಬೇಟೆ ಮೇಳಕ್ಕೆ ನಾನು ಜೊತೆಗೆ ಬಂದು ರೈಫಲನ್ನೂ ಗುಂಡನ್ನೂ ಆರಿಸಿಕೊಡಬೇಕಂತೆ.

ಮನೆಯಲ್ಲಿ ನಾವಾಡುವುದು ಕೊಡವ ತಕ್ಕ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಕನ್ನಡದಲ್ಲಿ ನನ್ನ ಮಾನ ಸ್ವಲ್ಪ ಕಡಿಮೆ ಹೋದಂತೆ ಕಾಣುತ್ತದೆ.

"ನೀವಾ? ಕೋವಿಯಾ?" ಎಂದಳು ಹೆಂಡತಿ ದೇಚು. "ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಮೈಕ್‌ಸೆಟ್ಟಿನ ಹಾರ್ನಿಗೆ ಹೊಡೆದವರು ನೀವು. ನಾಳೆಯೇ ಹೋಗಿ ಗೊತ್ತಿಲ್ಲ ಅಂತ ಹೇಳಿಬಿಡಿ."

"ಈ ತಿಂಗಳು ನಮ್ಮ ಆಫೀಸಲ್ಲಿ ಗೊತ್ತಿಲ್ಲ ಅಂತ ಯಾರೂ ಹೇಳೋದಿಲ್ಲ."

ಮಗಳು ಪುಸ್ತಕದಿಂದ ತಲೆ ಎತ್ತದೆ, "ಪಪ್ಪಾ, ಯು ಆರ್ ಸ್ಕೇರ್ಡ್ ಆಫ್ ದಿ ಪ್ರೆಶರ್ ಕುಕ್ಕರ್," ಎಂದಳು. ಯಾರ ಭವಿಷ್ಯಕ್ಕಾಗಿ ನಾನು ಇಷ್ಟೆಲ್ಲ ಮಾಡುತ್ತಿದ್ದೇನೋ ಆ ಜೀವದ ಮಾತಿದು.

ಮೇಳದಲ್ಲಿ ರೈಫಲ್‌ಗಳು ಸೀರೆ ಅಂಗಡಿಯಲ್ಲಿ ಸೀರೆ ಜೋಡಿಸಿದಂತೆ ನಿಂತಿದ್ದವು. ಮಾರುವವನು ಒಂದನ್ನು ತೆಗೆದು ನನ್ನ ಕೈಗಿತ್ತ. ನಮ್ಮಲ್ಲಿ ಕೋವಿ ಎಂದರೆ ದೇವರು. ಅಭ್ಯಾಸಬಲದಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡೆ. ಅಲ್ಲೇ ಕೆಟ್ಟಿತು. ಮಾರುವವನು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದ. ಅರ್ಬಾಬರ ಎದೆ ಉಬ್ಬಿತು.

"ನೋಡು, ಇವನು ಕೋವಿಯ ಹತ್ತಿರ ಮಾತಾಡುತ್ತಾನೆ."

ಅಲ್ಲಿಂದ ಮುಂದೆ ಅರ್ಬಾಬರನ್ನು ಯಾರೂ ಏನೂ ಕೇಳಲಿಲ್ಲ, ಎಲ್ಲ ಪ್ರಶ್ನೆಯೂ ನನಗೇ.

"ಮೊಲಕ್ಕೋ ನರಿಗೋ?" ಎಂದ ಮಾರುವವನು. "ಮೊಲಕ್ಕಾದರೆ ಪಾಯಿಂಟ್ ಟೂ ಟೂ ಸಾಕು. ಸಣ್ಣ ಗುಂಡು, ಮಾಂಸ ಹಾಳಾಗುವುದಿಲ್ಲ. ದೂರದಲ್ಲಿರುವ ನರಿಗೆ ಅದು ಸಾಲದು, ಇನ್ನೂ ವೇಗದ ಗುಂಡು ಬೇಕು."

ಸುಮ್ಮನೆ "ಹಾಗೇ ಕೊಡಿ" ಎಂದಿದ್ದರೆ ಕತೆ ಸುಖಾಂತವಾಗುತ್ತಿತ್ತು. ಆದರೆ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಪರಿಣತನ ಮರ್ಯಾದೆ ಏನಾದೀತು? ನಾನು ಕಣ್ಣು ಕಿರಿದು ಮಾಡಿ, ಸಾಲಿನಲ್ಲಿ ಎಲ್ಲಕ್ಕಿಂತ ದಪ್ಪಗಿದ್ದ ರೈಫಲಿನತ್ತ ಬೆರಳು ತೋರಿಸಿದೆ.

"ಅದು ಕಾಡುಕೋಣದ ಗಾತ್ರದ ಪ್ರಾಣಿಗೆ ಸಾರ್," ಎಂದ ಅವನು ಮೆಲ್ಲಗೆ. "ಮೊಲಕ್ಕೆ ಹೊಡೆದರೆ ಕಿವಿ ಮಾತ್ರ ಸಿಗುತ್ತದೆ. ಅದೂ ಬೇರೆ ಬೇರೆ ಕಡೆ."

"ನಮ್ಮಲ್ಲಿ ಮೊಲ ದೊಡ್ಡದು," ಎಂದೆ.

ಅರ್ಬಾಬ್ ನನ್ನನ್ನೂ ರೈಫಲನ್ನೂ ಒಮ್ಮೆ ನೋಡಿದರು. "ಇದೇ ನಮೂನೆಯದು ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿದೆ. ನಾಳೆ ಹೊಡೆದು ನೋಡಿ ಆಮೇಲೆ ತಗೊಳ್ಳೋಣ. ಮೊದಲ ಗುಂಡು ನಿನ್ನದು. ಯಲ್ಲಾ, ನಡಿ."

ಮರುದಿನ ಕ್ಲಬ್ಬಿನಲ್ಲಿ ಅದೇ ನಮೂನೆಯ ರೈಫಲನ್ನು ನನ್ನ ಕೈಗೆ ಕೊಟ್ಟರು. ಕಲಿಸುವವನು ಏನೋ ಹೇಳಲು ಬಂದಾಗ ಅರ್ಬಾಬರೇ ತಡೆದರು. "ಇವನಿಗೆ ಹೇಳಬೇಡ. ಇವನು ಹುಟ್ಟಿದ್ದೇ ಕೋವಿಯ ಜೊತೆ." ಅವನು ಹೇಳಲು ಬಂದದ್ದು, ರೈಫಲಿನ ಮೇಲಿರುವ ದುರ್ಬೀನಿನಿಂದ ಕಣ್ಣನ್ನು ನಾಲ್ಕು ಬೆರಳಾದರೂ ದೂರ ಇಡಬೇಕು ಎಂದು. ನಾನು ಬಾಗಿಲಿನ ಬೀಗದ ತೂತಿಗೆ ಇಡುವಂತೆ ಕಣ್ಣನ್ನು ಅದಕ್ಕೆ ಅಂಟಿಸಿದೆ. ಮಗಳ ಮುಖ ನೆನೆದೆ. ಕೋವಿಯ ಕುದುರೆ ಎಳೆದೆ.

ಗುಂಡು ಎಲ್ಲಿಗೆ ಹೋಯಿತೋ ಈವರೆಗೆ ಗೊತ್ತಾಗಿಲ್ಲ. ದುರ್ಬೀನು ಮಾತ್ರ ನೇರವಾಗಿ ನನ್ನ ಹುಬ್ಬಿಗೆ ಬಂತು. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ, ಅರ್ಬಾಬರ ಬಿಳಿ ಕಂದೂರ ನಿಲುವಂಗಿಯ ಮೇಲೆ ನನ್ನ ರಕ್ತವಿತ್ತು.

ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿದ ನರ್ಸ್ ಮಂಗಳೂರಿನವರು. ನನ್ನ ಹೆಸರು ನೋಡಿದ ಕೂಡಲೇ ಕನ್ನಡಕ್ಕೆ ತಿರುಗಿದರು.

"ಎಂತ ಮಾರಾಯ್ರೆ, ಇದು ಹೇಗೆ ಆದದ್ದು?"

"ಕಪಾಟಿನ ಬಾಗಿಲು ತಾಗಿತು."

"ನಿಮ್ಮ ಕಪಾಟಿಗೆ ದುರ್ಬೀನು ಉಂಟಾ? ಈ ಗಾಯ ನಾವು ತುಂಬ ನೋಡಿದ್ದೇವೆ. ಫಸ್ಟ್ ಟೈಮ್ ಹೊಡೆಯುವವರಿಗೆ ಆಗುವುದು."

ಪಕ್ಕದಲ್ಲಿ ಕೂತಿದ್ದ ಅರ್ಬಾಬ್, ಏನಂತೆ ಎಂದು ಕೇಳಿದರು. ಆ ಮಹಾತಾಯಿ ಅದನ್ನೆಲ್ಲ ಶುದ್ಧ ಹಿಂದಿಯಲ್ಲಿ ಮತ್ತೊಮ್ಮೆ ಹೇಳಿದರು.

ಅರ್ಬಾಬ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಪ್ರಶ್ನೆ ಕೇಳಿದರು.

"ನಂಜಬ್ಬ, ನೀನು ತೋರಿಸಿದ ಕಡೆಯಲ್ಲೆಲ್ಲ ನಾನು ಸಹಿ ಹಾಕಿದ್ದೇನೆ. ಲೆಕ್ಕವೂ ನಿನಗೆ ಹೀಗೆಯೇ ಬರುತ್ತದಾ?"

ಹುಬ್ಬಿನ ನೋವು ಮರೆತೇಹೋಯಿತು. ಇಷ್ಟು ವರ್ಷದ ನಿಯತ್ತಿನ ದುಡಿಮೆಯನ್ನು ನಾನೇ ನನ್ನ ಕೈಯಾರೆ ಸುಟ್ಟಿದ್ದೆ. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಹೊರಗಿನಿಂದ ಆಡಿಟರ್ ಬಂದರು. ನನ್ನ ಹಳೆಯ ಲೆಕ್ಕವನ್ನೆಲ್ಲ ಕೆದಕಿದರು. ಅಷ್ಟು ದಿನವೂ ನಾನು ಹಣೆಗೆ ಪಟ್ಟಿ ಸುತ್ತಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಮನೆಯಲ್ಲಿ ದೇಚು ಸೂಟ್‌ಕೇಸ್‌ಗಳ ಧೂಳು ಒರೆಸಿಟ್ಟಳು. ಕೊನೆಗೆ ಆಡಿಟರ್ ಕನ್ನಡಕ ತೆಗೆದು, ಒಂದು ತಪ್ಪೂ ಇಲ್ಲ ಎಂದರು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮಗಳ ಶಾಲೆ ಉಳಿಯಿತು.

ಅರ್ಬಾಬ್ ಪಾಯಿಂಟ್ ಟೂ ಟೂ ರೈಫಲನ್ನೇ ಕೊಂಡರು, ಯಾರನ್ನೂ ಕೇಳದೆ. ಈಗ ಆಫೀಸಿಗೆ ಯಾರಾದರೂ ಅತಿಥಿಗಳು ಬಂದರೆ ನನ್ನನ್ನು ಕರೆಸಿ ಪರಿಚಯಿಸುತ್ತಾರೆ.

"ಇವನು ನಂಜಬ್ಬ. ಲೆಕ್ಕದಲ್ಲಿ ಚಿನ್ನದಂಥ ಮನುಷ್ಯ. ಇವನ ಕೈಗೆ ಸ್ಟೇಪ್ಲರ್‌ಗಿಂತ ದೊಡ್ಡದೇನನ್ನೂ ಕೊಡಬೇಡಿ."

ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಮೊನ್ನೆ ಹೆಬ್ಬೆರಳಿಗೆ ಸ್ಟೇಪ್ಲರ್ ಹೊಡೆದುಕೊಂಡದ್ದನ್ನು ಅವರಿಗಿನ್ನೂ ಹೇಳಿಲ್ಲ.